ತರಗತಿಗೆ ಆರಿಸಿದ ಮೂರನೆಯ ಚಿತ್ರ

೧೪ ಜುಲೈ, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ಕಾಗದ ಬಂದು ತಿಂಗಳಾದರೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಈ ಸಲ ಸಾರ್ವಜನಿಕ ಪ್ರಸಾರದ ಇತಿಹಾಸ ಕಲಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ತರಗತಿಯಲ್ಲಿ ತೋರಿಸಲು ಮೂರು ಸಾಕ್ಷ್ಯಚಿತ್ರ ಆರಿಸಬೇಕು. ನೋಡಿ ನೋಡಿ ಕಣ್ಣು ಬಾತಿವೆ.

ಹೆಚ್ಚಿನವು ರೇಡಿಯೊ ಕೇಂದ್ರ ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಮಾಡಿಸಿದವು. ಗಿರಣಿ ಕೆಲಸಗಾರರ ಮೇಲೆ ಗುಂಡು ಹಾರಿದ ವರ್ಷ ಬಂತೋ, ಮಾತು ನಿಂತು ಸಂಗೀತ ಶುರು. ‘ಊರು ಶಾಂತವಾಗಿದೆ’ ಎಂದು ಓದಲು ಒಪ್ಪದೆ ಅಪ್ಪ ಮೈಕಿನ ಮುಂದಿನಿಂದ ಎದ್ದುಬಂದದ್ದು ಒಂದರಲ್ಲೂ ಇಲ್ಲ. ಆ ಕಥೆ ಕೇಳಿಯೇ ಅಲ್ಲವೇ ನಾನು ಈ ವಿಷಯ ಓದಿದ್ದು? ಬೇಕೆಂದೇ ಕತ್ತರಿಸಿದ್ದಾರೆ ಅನ್ನಿಸಿತು. ನೀವೆಲ್ಲ ನನ್ನನ್ನು ಅನುಮಾನದ ಪಿಶಾಚಿ ಅನ್ನುವುದು ಸುಮ್ಮನೆ ಅಲ್ಲ.

ಮೀಸೆ ಮಾಮನ ಹತ್ತಿರ ಹೋದೆ. ಅಪ್ಪನ ಗೆಳೆಯರು, ನಿವೃತ್ತರಾದರೂ ದಿನಾ ಕೇಂದ್ರದ ಟೇಪು ಕೋಣೆಯಲ್ಲೇ ಇರುತ್ತಾರೆ. “ಆ ವರ್ಷದ್ದು ಏನಾದ್ರೂ...” ಎನ್ನುವಷ್ಟರಲ್ಲಿ, “ಸ್ಟುಡಿಯೊ ಒಳಗೆ ತೆಗೆದ ಚಿತ್ರ ಹಾಳಾಗಿದೆ ಕಣಮ್ಮ” ಅಂದರು.

“ಸ್ಟುಡಿಯೊ ಅಂತ ನಾನೆಲ್ಲಿ ಅಂದೆ ಮಾಮ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಟೀ ತರುತ್ತೇನೆಂದು ಎದ್ದು ಹೋದರು. ಸಂಸ್ಥೆಯ ಉಪ್ಪು ತಿಂದವರು, ಗೆಳೆಯನನ್ನೇ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಆ ಚಿತ್ರ ತೆಗೆದವರ ಮಗಳನ್ನು ಹುಡುಕಿ, ಅವರ ಬಳಿಯಿದ್ದ ಪ್ರತಿ ತರಿಸಿಕೊಂಡೆ. ಸ್ಟುಡಿಯೊ ಗಾಜಿನಾಚೆ ಒಬ್ಬರು ಸುದ್ದಿಯ ಹಾಳೆಯನ್ನು ಮೇಜಿನ ಮೇಲಿಟ್ಟು ಎದ್ದು ಹೋಗುತ್ತಾರೆ. ಕಪ್ಪು ಮೀಸೆ, ನಮ್ಮ ಮಾಮನೇ. ಅಧಿಕಾರಿ ಇನ್ನೊಬ್ಬರನ್ನು ಕರೆದು ಕೂರಿಸುತ್ತಾನೆ. ಅದು ಅಪ್ಪ. ‘ಊರು ಶಾಂತವಾಗಿದೆ.’ ಒಂದಕ್ಷರವೂ ತಡವರಿಸಲಿಲ್ಲ ಅಕ್ಕ. ಮಾಮನನ್ನು ಅಂದೇ ಮೈಕಿನಿಂದ ಟೇಪು ಕೋಣೆಗೆ ತಳ್ಳಿದರಂತೆ, ಚಿತ್ರದಲ್ಲೇ ಹೇಳುತ್ತಾರೆ.

ಮತ್ತೆ ಹೋಗಿ ಕೇಳಿದೆ, “ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮಾಮ?”

“ಅವನಿಗೆ ಎರಡು ಹೆಣ್ಮಕ್ಕಳಿದ್ರು, ನಾನು ಒಂಟಿ. ಈಗ ಅವನೂ ಇಲ್ಲ. ಬಿಡಮ್ಮ ಅದನ್ನ.”

ಬಿಡಲಾರೆ. ಮಂಗಳವಾರ ಮೂರನೆಯದಾಗಿ ಅದನ್ನೇ ತೋರಿಸುತ್ತೇನೆ. ಇಲ್ಲದಿದ್ದರೆ ನಾನೂ ಸಂಗೀತ ಹಾಕಿದವರ ಸಾಲಿಗೇ ಸೇರುತ್ತೇನೆ. ಭಾವನವರಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಚೆನ್ನಾಗಿರಲಿ, ಚಿಕ್ಕಮ್ಮ ಕೇಳಿದಳೆಂದು ಹೇಳು.

ನಿನ್ನ ತಂಗಿ

ಮರೆತಿದ್ದೆ: ಅಪ್ಪ ಆ ಕಥೆಯನ್ನು ಒಮ್ಮೆಯೂ ತಮ್ಮ ಬಾಯಿಂದ ಹೇಳಿದವರಲ್ಲ. ನನಗೆ ಹೇಳಿದವಳು ನೀನು. ಗುಂಡು ಹಾರಿದಾಗ ನನಗೆ ನಾಲ್ಕು ವರ್ಷ, ನಿನಗೆ ಹದಿನಾಲ್ಕು. ಅಪ್ಪನ ಸುದ್ದಿಯ ಹೊತ್ತಿಗೆ ಅಮ್ಮನೂ ನೀನೂ ರೇಡಿಯೊ ಬಿಟ್ಟು ಏಳುತ್ತಿರಲಿಲ್ಲ. ಅವತ್ತೂ ಅಪ್ಪ ಓದಿದ್ದನ್ನು ಕೇಳಿಸಿಕೊಂಡಿರಲೇಬೇಕು. ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ ಅಕ್ಕ. ಇನ್ನು ಮೇಲೆ ನೀನು ಹೇಳಿದ್ದರಲ್ಲಿ ಯಾವುದನ್ನು ನಂಬಲಿ, ಅದನ್ನು ಬರೆ.