ನಿಲುವಂಗಿ ಎಲ್ಲಿ ಎಂದು ಕೇಳಿದ್ದಕ್ಕೆ

ಪಲೆರ್ಮೊ, ಅಕ್ಟೋಬರ್ ಕೊನೆ

ಮಾನ್ಯ ಡಾನ್ ರುಜ್ಜೇರೊ ಅವರಿಗೆ,

ನನ್ನ ಗಂಡ ಗಾಸ್ಪರೆ ತೀರಿಕೊಂಡ ಮೇಲೆ ವೀರರ ಸಂಘ ಅವರಿಗೆ ಕೊಟ್ಟಿದ್ದ ಶಿಲುಬೆ, ನಿಲುವಂಗಿ ಎರಡನ್ನೂ ಹಿಂತಿರುಗಿಸಬೇಕೆಂದು ಸಂಘದ ಪರವಾಗಿ ಬರೆದಿದ್ದೀರಿ. ಶಿಲುಬೆಯನ್ನು ಒರೆಸಿ ಕಳುಹಿಸಿದ್ದೇನೆ. ನಿಲುವಂಗಿ ನನ್ನಲ್ಲಿಲ್ಲ.

ಇಲ್ಲಿನ ಅರಸರ ಸಿಂಹಾಸನ ಹೋಗಿ ತಲೆಮಾರುಗಳೇ ಕಳೆದರೂ ಅವರ ವೀರರ ಸಂಘ ಉಳಿದಿದೆ. ಇವರ ಮುತ್ತಜ್ಜ ಕತ್ತಿ ಹಿಡಿದಿದ್ದ ಸಂಘದಲ್ಲಿ ಇವರು ಸೌಟು ಹಿಡಿದರು. "ರಾಜ್ಯಾನೇ ಇಲ್ಲ, ಇನ್ಯಾರಿಗ್ರೀ ನಿಮ್ಮ ಕಾವಲು?" ಎಂದು ಛೇಡಿಸುತ್ತಿದ್ದೆ. "ಹಸಿದೋರಿಗೆ ಕಣೇ" ಎಂದು ನಗುತ್ತ ಸೂಪಿನ ಹಂಡೆ ಹೊರುತ್ತಿದ್ದರು.

ಹೋದ ಚಳಿಗಾಲದಲ್ಲಿ, ರೈಲು ನಿಲ್ದಾಣದಲ್ಲಿ ಇವರ ಕೈಯಿಂದ ಸೂಪು ಕುಡಿಯುತ್ತಿದ್ದ ಮುದುಕಿಯೊಬ್ಬಳು ಸತ್ತಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ವೀರರ ಶವಪೆಟ್ಟಿಗೆಗೆ ಮಾತ್ರ ಹೊದಿಸುವ ನಿಲುವಂಗಿಯನ್ನು ಇವರು ಅವಳ ಪೆಟ್ಟಿಗೆಗೆ ಹೊದಿಸಿ, ಹಾಗೆಯೇ ಮಣ್ಣು ಮಾಡಿಸಿ ಬಂದರು.

"ನಾಳೆ ನಿಮಗೇನ್ರೀ ಹೊದಿಸ್ಲಿ?" ಎಂದು ರೇಗಿದೆ.

"ನಂಗೆ ನೀನಿದ್ದೀಯಲ್ಲ" ಎಂದರು.

ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ನೀವು ಎಲ್ಲರೆದುರು, "ನಿಲುವಂಗಿ ಮರೆತು ಬಂದ್ರೇನಮ್ಮಾ?" ಎಂದಿರಿ. ಆಗ ಆ ಬರಿಯ ಪೆಟ್ಟಿಗೆಯ ಮೇಲಿದ್ದದ್ದು ನನ್ನ ಕೈ ಒಂದೇ.

ಈಗ ಒಂದು ಕೋರಿಕೆ. ಸಮಾಧಿಗಳಿಗೆ ಹೂವಿಡುವ ಸತ್ತವರ ಹಬ್ಬ ಹತ್ತಿರ ಬಂತು. ಆ ಮುದುಕಿಯನ್ನು ಎಲ್ಲಿ ಮಣ್ಣು ಮಾಡಿದರೆಂದು ಇವರನ್ನು ನಾನು ಕೇಳಲೇ ಇಲ್ಲ. ಸಂಘದಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸೇವಂತಿಗೆ ಎರಡು ಕಟ್ಟು ತಂದಿಟ್ಟಿದ್ದೇನೆ.

ಇತಿ,
ಗಾಸ್ಪರೆಯ ಮನೆಯವಳು,
ಕ್ರೊಚಿಫಿಸ್ಸಾ