ಒಂಬತ್ತನೆಯ ಸಂಗತಿ

ಮಾರ್ಚ್ ೩, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಎಸೆಯದೆ ಬಿಡಿಸಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ಆರು ವರ್ಷ ಬಿಟ್ಟು "ಕ್ಷೇಮವೇ" ಎಂದು ಕೇಳಲು ನಾಚಿಕೆ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪ್ರಕಾಶಕರ ಕಚೇರಿಗೆ ಹೊಸ ಸಂಪಾದಕಿಯೊಬ್ಬಳು ಬಂದಿದ್ದಾಳೆ. ಮಾತು ಶುರು ಮಾಡಿದರೆ ಪೂರ್ಣವಿರಾಮ ಎನ್ನುವುದೇ ಇಲ್ಲ. ಹೋದ ವಾರ ಫೋನು ಮಾಡಿ, "ಮೇಡಂ, ಹೊಸ ಕಾದಂಬರಿಯ ಕೊನೇ ಪುಟಕ್ಕೆ ನಿಮ್ ಬಗ್ಗೆ ಹತ್ತು ತಮಾಷೆ ಸಂಗತಿ ಬರ್ಕೊಡಿ. ಓದಿದವ್ರಿಗೆ ನೀವು ಪಕ್ಕದ್ಮನೆಯವ್ರು ಅನ್ನಿಸ್ಬೇಕು" ಅಂದಳು. ನನ್ನ ಪಕ್ಕದ ಮನೆಯವರಿಗೇ ನಾನು ಹಾಗನ್ನಿಸುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಯಾರನ್ನು ನೋಡಲು ಬಂದಿರಿ ಎಂದು ಕೇಳುತ್ತಾರೆ. ಇರಲಿ, ಒಪ್ಪಿಕೊಂಡೆ.

ಮೊದಮೊದಲು ಸಲೀಸಾಗಿಯೇ ಬಂದವು. ನಾನು ಬರೆಯುವುದು ಮೇಜಿನ ಮೇಲಲ್ಲ, ಅಡುಗೆಮನೆಯ ನೆಲದ ಮೇಲೆ, ಫ್ರಿಜ್ಜಿಗೆ ಬೆನ್ನು ಕೊಟ್ಟು ಎಂದು ಬರೆದೆ. ಅದು ಗುಂಯ್‌ಗುಟ್ಟುತ್ತಿದ್ದರೆ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸುತ್ತದೆ ಎಂಬುದನ್ನು ಬರೆಯಲಿಲ್ಲ. ಕಥೆಯಲ್ಲಿ ಯಾರನ್ನಾದರೂ ಸಾಯಿಸಿದ ದಿನ ನನಗೆ ಊಟ ಎರಡು ಪಟ್ಟು ಸೇರುತ್ತದೆ ಎಂದು ಬರೆದೆ. ಪಾತ್ರಗಳ ಜಗಳವನ್ನು ಎರಡೂ ಕಡೆಯಿಂದ ನಾನೇ ಗಟ್ಟಿಯಾಗಿ ಆಡಿ ನೋಡುತ್ತೇನೆ. ಒಮ್ಮೆ ಕೆಳಗಿನ ಮನೆಯವರು ಗಾಬರಿಯಾಗಿ ವಾಚ್‌ಮನ್‌ನನ್ನು ಕಳಿಸಿದ್ದರು. "ಸಾರ್ ಹೊಡೀತಿದಾರಾ ಮೇಡಂ?" ಎಂದು ಅವನು ಪಿಸುಗುಟ್ಟಿದ. ಯಾವ ಸಾರ್ ಎಂದು ಒಂದು ಗಳಿಗೆ ನಾನೇ ಒಳಗೆ ತಿರುಗಿ ನೋಡಿದೆ. ಸಂಪಾದಕಿ ಅದನ್ನು ಓದಿ ಬಿದ್ದುಬಿದ್ದು ನಕ್ಕಳಂತೆ.

ಎಂಟಕ್ಕೆ ಗಾಡಿ ನಿಂತಿತು. ಅವಳೇ ಮತ್ತೆ ಫೋನು ಮಾಡಿದಳು. "ನೀವು ಬರ್ದಿದ್ದನ್ನ ಮೊದ್ಲು ಯಾರ್ ಓದ್ತಾರೆ ಮೇಡಂ? ಅದನ್ನ ಹಾಕಿ, ಚೆನ್ನಾಗಿರತ್ತೆ."

ನಾನು ಹೀಗೆ ಬರೆದುಕೊಟ್ಟೆ: "ಒಂಬತ್ತು. ನನ್ನ ಮೊದಲ ಓದುಗಾರ್ತಿ ನನ್ನಕ್ಕ. ಈಗಲೂ ಪ್ರತಿ ಭಾನುವಾರ ಫೋನಿನಲ್ಲಿ ಅವಳಿಗೆ ಓದಿ ಹೇಳುತ್ತೇನೆ. ಅವಳು ಬೈಯುತ್ತಾಳೆ. ನಾನು ತಿದ್ದುತ್ತೇನೆ."

ಬರೆಯುವಾಗ ಕೈ ತಡವರಿಸಲಿಲ್ಲ ನೋಡು. ಅಷ್ಟು ಚೆನ್ನಾಗಿ ಸುಳ್ಳು ಬರುತ್ತದೆ ನನಗೆ.

ನೀನು ಓದದೆ ನನ್ನ ಯಾವ ಪುಸ್ತಕವೂ ಮನೆ ಬಿಟ್ಟು ಹೋದದ್ದಿಲ್ಲ, ಆ ಒಂದನ್ನು ಬಿಟ್ಟು. ಭಾವ ಮನೆ ಬಿಟ್ಟು ಹೋದಾಗ ನನಗೆ ಹದಿನಾಲ್ಕು. ಅಮ್ಮ ತೀರಿಕೊಂಡ ಮೇಲೆ ನಿನ್ನ ಮನೆಯೇ ನನ್ನ ಮನೆಯಾಗಿತ್ತು. "ಅವರಿಗೆ ಪರಊರಲ್ಲಿ ಕೆಲ್ಸ, ಬಂದು ಹೋಗಿ ಮಾಡ್ತಾರೆ" ಎಂದು ನೀನು ಅಕ್ಕಪಕ್ಕದವರಿಗೆ ಹೇಳುತ್ತಿದ್ದೆ. ಮಳೆ ಬಂದ ದಿನ ಅವರ ಹಳೇ ಬೂಟುಗಳನ್ನು ಬಕೆಟ್ಟಿನಲ್ಲಿ ಅದ್ದಿ, ಅವರು ಈಗಷ್ಟೇ ನೆನೆದು ಬಂದಂತೆ ಕಾಣಲೆಂದು ಬಾಗಿಲ ಹೊರಗೆ ಇಡುತ್ತಿದ್ದೆ. ಎರಡು ವರ್ಷ. ಅದನ್ನು ಕಂಡವಳು ನಾನೊಬ್ಬಳೇ.

ಅದನ್ನು ನಾನು ಆರು ವರ್ಷದ ಹಿಂದಿನ ಆ ಕಾದಂಬರಿಗೆ ಎತ್ತಿಕೊಂಡೆ. ನಿನಗೆ ತೋರಿಸದೆ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕೊಟ್ಟೆ. ಅವರು ಅಚ್ಚಿಗೆ ಕೊಟ್ಟದ್ದು ನೀನು ಕರಡು ತಿದ್ದುವ ಮುದ್ರಣಾಲಯಕ್ಕೇ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಬದುಕು ಬೇರೆ ಕರಡುಗಳ ಕಟ್ಟಿನಲ್ಲಿ ಸೇರಿ ನಿನ್ನ ಮೇಜಿಗೇ ಬಂದು ಬಿತ್ತು. ನೀನು ಅಷ್ಟನ್ನೂ ತಿದ್ದಿ ಕಳಿಸಿದೆ. ನನ್ನ ಪುಸ್ತಕಗಳಲ್ಲೆಲ್ಲ ಒಂದೇ ಒಂದು ಅಚ್ಚಿನ ತಪ್ಪಿಲ್ಲದ್ದು ಅದೊಂದೇ ಅಕ್ಕಾ.

ಆ ಸಂಜೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ನಂಗ್ಯಾಕೆ ತೋರಿಸ್ಲಿಲ್ಲ?" ಟೈಮಿರಲಿಲ್ಲ ಎಂದೆ. "ಸರಿ" ಎಂದು ನೀನು ಫೋನಿಟ್ಟೆ. ಟೈಮಿತ್ತು. ಆ ಪುಟ ಬೇಡ ಅನ್ನುತ್ತೀಯ ಎಂದು ಗೊತ್ತಿದ್ದೇ ತೋರಿಸಲಿಲ್ಲ. ಎಲ್ಲರೂ ಹೊಗಳಿದ್ದು ಆ ಪುಟವನ್ನೇ. ನಿನ್ನ ಕಟ್ಟಡದ ಹೆಂಗಸರೂ ಅದನ್ನು ಓದಿದರು, ಮೆಟ್ಟಿಲ ಮೇಲೆ ನಿನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಆ ಹೊಗಳಿಕೆಯನ್ನು ನಾನು ಬೇಡ ಎನ್ನಲಿಲ್ಲ.

ಹೊಸ ಪುಸ್ತಕ ಇಪ್ಪತ್ತನೇ ತಾರೀಖು ಅಚ್ಚಿಗೆ ಹೋಗುತ್ತದೆ. ಒಂಬತ್ತನೆಯದು ಇರಲೋ ಬೇಡವೋ, ನೀನು ಹೇಳು. ಈ ಸಲ ಮೊದಲೇ ಕೇಳುತ್ತಿದ್ದೇನೆ.

ನಿನ್ನ,
ಪಿಟೀಲು
(ಹುಟ್ಟಿದಾಗಿನಿಂದ ಕುಂಯ್‌ಗುಟ್ಟುತ್ತಿದ್ದೆ ಎಂದು ನೀನಿಟ್ಟ ಈ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ.)

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಫೆಬ್ರವರಿ ಎಂಟಕ್ಕೆ ನಾನು ಅಲ್ಲಿಗೆ ಬಂದಿದ್ದೆ. ನಿನ್ನ ಮನೆ ಎದುರಿನ ಔಷಧಿ ಅಂಗಡಿಯ ಪಕ್ಕ ಅರ್ಧ ಗಂಟೆ ನಿಂತಿದ್ದೆ. ನೀನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕೂದಲು ಗಿಡ್ಡ ಮಾಡಿಸಿದ್ದೀಯ, ಒಪ್ಪುತ್ತದೆ. ರಸ್ತೆ ದಾಟಲಿಲ್ಲ. ಬಸ್ಸು ಹತ್ತಿ ವಾಪಸು ಬಂದೆ.

*

ಮಾರ್ಚ್ ೧೧

ಪಿಟೀಲಿಗೆ,

ಕಾಗದ ಬಂತು. ಎರಡು ಸಲ ಓದಿದೆ.

ಒಂಬತ್ತನೆಯದನ್ನು ತೆಗೆದುಹಾಕು. ಸುಳ್ಳನ್ನು ಅಚ್ಚು ಹಾಕಿಸಬೇಡ. ಅದರ ಜಾಗಕ್ಕೆ ನೀನು ಹನ್ನೊಂದು ವರ್ಷದವರೆಗೆ ಬೆರಳು ಚೀಪುತ್ತಿದ್ದೆ ಎಂದು ಹಾಕು. ಅದು ನಿಜ, ತಮಾಷೆಯಾಗಿಯೂ ಇದೆ.

ಬೂಟಿನ ವಿಷಯದಲ್ಲಿ ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಎರಡು ವರ್ಷ ಒಬ್ಬಳೇ ಹೊತ್ತು ನಿಭಾಯಿಸಿದ್ದನ್ನು ನೀನು ಊರಿಗೆಲ್ಲ ಹಂಚಿಬಿಟ್ಟೆ. ಕೆಲಸ ಬಿಟ್ಟು ಎದ್ದು ಹೋಗೋಣ ಅನ್ನಿಸಿತ್ತು. ಆದರೆ ತಪ್ಪುಗಳಿದ್ದವು, ತಿದ್ದಿದೆ. ಆ ಪುಟ ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ಫೋನು ಬಂದರೆ ಎತ್ತುತ್ತೇನೆ. ಏನು ಮಾತಾಡಬೇಕೆಂದು ನನಗೂ ಗೊತ್ತಿಲ್ಲ. ಬರೆದದ್ದೇನಾದರೂ ಇದ್ದರೆ ಓದು.

ಇತಿ,
ಅಕ್ಕ

ಇನ್ನೊಂದು: ಫೆಬ್ರವರಿ ಎಂಟಕ್ಕೆ ನೀನು ನಿಂತಿದ್ದನ್ನು ನೋಡಿದೆ. ಬಟ್ಟೆ ಇದ್ದದ್ದು ನಾಲ್ಕೇ. ನೀನು ರಸ್ತೆ ದಾಟುತ್ತೀಯೇನೋ ಎಂದು ಅದೇ ದುಪ್ಪಟಿಯನ್ನು ತೆಗೆದು ತೆಗೆದು ಹರವುತ್ತಿದ್ದೆ.