ದೋಣಿಗೆ ಹೋದ ಶನಿವಾರ

ಭಾನುವಾರ, ಜೂನ್ ೭

ಪ್ರೀತಿಯ ಅಕ್ಕನಿಗೆ, ಯೇಸುಸ್ವಾಮಿಯ ಹೆಸರಿನಲ್ಲಿ ನಿನ್ನ ತಮ್ಮನ ವಂದನೆಗಳು.

ನೀನು ಮಠ ಸೇರಿ ಕನ್ಯಾಸ್ತ್ರೀಯಾದ ಮೇಲೆ ಅಮ್ಮನೂ ನಿನ್ನನ್ನು ಸಿಸ್ಟರ್ ಎನ್ನುತ್ತಾಳೆ. ನನ್ನ ಬಾಯಿಗೆ ಅದು ಬರುವುದಿಲ್ಲ. ನನ್ನ ಹಾಲುಹಲ್ಲಿಗೆ ದಾರ ಕಟ್ಟಿ ಬಾಗಿಲು ಎಳೆದವಳು ನೀನು, ನನಗೆ ಅಕ್ಕನೇ. ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯದೆ ಇದ್ದದ್ದು ತಪ್ಪು, ಕ್ಷಮಿಸು. ಕೆಲಸ ಜಾಸ್ತಿ ಎಂದು ಬರೆಯೋಣವೆಂದು ಎರಡು ಸಲ ಕುಳಿತೆ, ಎರಡು ಹಾಳೆ ಹರಿದು ಹಾಕಿದೆ.

ವಾರದ ಕೊನೆಯ ಸಾಹಸಗಳನ್ನು ಯಾಕೆ ಬರೆಯುತ್ತಿಲ್ಲ, ಊಟದ ಮೇಜಿನಲ್ಲಿ ಓದಿ ಹೇಳಿದರೆ ಮದರ್ ಕೂಡ ನಗುತ್ತಿದ್ದರು ಎಂದು ಕೇಳಿದ್ದೀಯ. ನಾನು ತಪ್ಪು ರೈಲು ಹತ್ತಿ ಎಲ್ಲೋ ಇಳಿದದ್ದು, ನನ್ನ ಜೊತೆ ಕೋಣೆಯಲ್ಲಿರುವ ಗೊರಕೆರಾಯ ಬೆಟ್ಟದ ತುದಿಯಲ್ಲೂ ಮಲಗಿ ಗೊರಕೆ ಹೊಡೆದದ್ದು, ಹಿಂದಿನ ಕಾಗದಗಳಲ್ಲಿ ಬರೆದದ್ದೆಲ್ಲ ನಿಜವೇ. ಈ ಐದು ವಾರದಿಂದ ನನ್ನ ಸಾಹಸವೆಂದರೆ ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಹೋಗುವುದು. ಈ ಕಾಗದವನ್ನು ಮಾತ್ರ ಮೇಜಿನಲ್ಲಿ ಓದಬೇಡ.

ನಾನು ಇಂಟರ್ನ್‌ಶಿಪ್ ಮಾಡುತ್ತಿರುವ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುತ್ತಾರೆಂದು ನಿನಗೆ ಗೊತ್ತು. ರಟ್ಟಿಗೆ ಅಂಟು ಬಳಿದು ಒತ್ತುವ ದೊಡ್ಡ ರೋಲರುಗಳಿವೆ. ಅದರೊಳಗೆ ಕೈ ಹಾಕುವವರು ಮೊದಲು ಮೇನ್ ಸ್ವಿಚ್ಚಿಗೆ ತಮ್ಮ ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಇಬ್ಬರು ಕೆಲಸ ಮಾಡಿದರೆ ಎರಡು ಬೀಗ. ಎಲ್ಲ ಬೀಗ ತೆಗೆದ ಮೇಲೇ ಯಂತ್ರ ತಿರುಗುವುದು. ನನಗೆ ಮೊದಲ ದಿನವೇ ಇದನ್ನು ಕಲಿಸಿದವರು ಮೇಸ್ತ್ರಿಗಳು. ಇಪ್ಪತ್ತಾರು ವರ್ಷ ಅದೇ ಯಂತ್ರದ ಹತ್ತಿರ ಸವೆದವರು. ನನ್ನನ್ನು "ಇಂಜಿನಿಯರ್ ಸಾಹೇಬ್ರು" ಎಂದು ಕಿಚಾಯಿಸುತ್ತಾರೆ, ನಾನು ಸ್ಪ್ಯಾನರ್ ಉಲ್ಟಾ ಹಿಡಿದರೆ ನಾಲ್ಕು ಜನರನ್ನು ಕರೆದು ತೋರಿಸುತ್ತಾರೆ.

ಮೇ ೨, ಶನಿವಾರ, ನನಗೆ ಅರ್ಧ ದಿನದ ಕೆಲಸ. ಎರಡು ಗಂಟೆಗೆ ಚರ್ಚಿನ ಹುಡುಗ ಹುಡುಗಿಯರೆಲ್ಲ ಸೇರಿ ಕೆರೆಯಲ್ಲಿ ದೋಣಿಗೆ ಹೋಗುವುದೆಂದು ಮಾತಾಗಿತ್ತು. ರೋಲರಿಗೆ ಅಂಟು ಕಟ್ಟಿಕೊಂಡಿತ್ತು, ಕೆರೆದು ತೆಗೆಯಬೇಕು. ಮೇಸ್ತ್ರಿಗಳು ಜೇಬು ತಡಕಿ, "ಅಯ್ಯೋ, ನನ್ನ ಬೀಗ ಆ ಕಡೆ ಕಟ್ಟಡದಲ್ಲಿ ಉಳೀತು. ಇರು, ತರ್ತೀನಿ" ಎಂದರು. ಹೋಗಿ ಬರಲು ಅರ್ಧ ಗಂಟೆ. ನನ್ನ ತಲೆಯಲ್ಲಿ ದೋಣಿ. "ಬಿಡಿ ಮೇಸ್ತ್ರಿಗಳೇ, ನನ್ನದು ಹಾಕಿದೀನಲ್ಲ, ಒಂದೇ ಸಾಕು" ಎಂದೆ. ಅವರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, "ಆಯ್ತು ನಡಿ, ಹುಡುಗರ ಆಸೆ" ಎಂದು ಯಂತ್ರದ ಆ ಬದಿಗೆ ಹೋದರು.

ಒಂದು ಗಂಟೆಗೆ ಪಾಳಿಯ ಗಂಟೆ ಹೊಡೆಯಿತು. ಕೈ ತೊಳೆದೆ, ಬೀಗ ತೆಗೆದೆ, ಚೀಲಕ್ಕೆ ಹಾಕಿದೆ, ಓಡಿದೆ. ದಿನಾ ಮಾಡುವಂತೆ ಮಾಡಿದೆ ಅಕ್ಕ. ಮೇಸ್ತ್ರಿಗಳು ಇನ್ನೂ ಆ ಬದಿಯಲ್ಲಿ ಕೆರೆಯುತ್ತಿದ್ದಾರೆಂದು ನನಗೆ ನೆನಪೇ ಆಗಲಿಲ್ಲ. ಮುಂದಿನ ಪಾಳಿಯವನು ಸ್ವಿಚ್ಚು ನೋಡಿದ, ಬೀಗವಿರಲಿಲ್ಲ. ಯಾರಾದರೂ ಇದ್ದೀರಾ ಎಂದು ಕೂಗಿದನಂತೆ, ಪಕ್ಕದ ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಅವರ ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ನನಗೆ ಸೋಮವಾರ ಗೊತ್ತಾಯಿತು. ತನಿಖೆಗೆ ಬಂದ ಅಧಿಕಾರಿ ನನ್ನನ್ನೂ ಕರೆದು, "ನೀವು ಅಲ್ಲಿದ್ರಾ?" ಎಂದರು. "ಒಂದು ಗಂಟೆಗೆ ಹೋದೆ ಸರ್" ಎಂದೆ. ಬರೆದುಕೊಂಡರು. ಆಮೇಲೆ ತಿಳಿಯಿತು, ಆಸ್ಪತ್ರೆಯಲ್ಲಿ ಮೇಸ್ತ್ರಿಗಳು "ನಾನು ಬೀಗ ಹಾಕಿರಲಿಲ್ಲ" ಎಂದಷ್ಟೇ ಹೇಳಿದರಂತೆ, ನನ್ನ ಹೆಸರೆತ್ತಲೇ ಇಲ್ಲ. ಈಗ ತಪ್ಪೆಲ್ಲ ಅವರದೇ ಎಂದು ಬರೆದು ಅವರನ್ನು ಕೆಲಸದಿಂದ ತೆಗೆಯುವ ತಯಾರಿ ನಡೆದಿದೆ. ನಾನು ಬಾಯಿ ಬಿಟ್ಟರೆ ಅದು ನಿಲ್ಲಬಹುದು. ಆದರೆ ನನ್ನ ಇಂಟರ್ನ್‌ಶಿಪ್ ಅಲ್ಲಿಗೇ ಮುಗಿಯುತ್ತದೆ, ಸರ್ಟಿಫಿಕೇಟ್ ಇಲ್ಲದೆ ಡಿಗ್ರಿಯೂ ಇಲ್ಲ. ಮಗ ಇಂಜಿನಿಯರ್ ಆಗುತ್ತಾನೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದು ನಿನಗೆ ಗೊತ್ತೇ ಇದೆ.

ಪ್ರತಿ ಶನಿವಾರ ಹೋಗುತ್ತೇನೆ. ಮೂರನೇ ಮಹಡಿ, ಕಿಟಕಿಯ ಪಕ್ಕದ ಮಂಚ. ಅವರ ಹೆಂಡತಿ ಕಿತ್ತಳೆ ಸುಲಿದು ಮೊದಲು ನನಗೇ ಕೊಡುತ್ತಾರೆ. "ಕಾರ್ಖಾನೆಯವರು ಒಂದ್ಸಲ ಬಂದು ಹೋದ್ರು, ಅಷ್ಟೇ. ತಪ್ಪದೆ ಬರೋನು ನೀನೊಬ್ಬನೇ ಕಣಪ್ಪ" ಎನ್ನುತ್ತಾರೆ. ಆ ಕಿತ್ತಳೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಮೇಸ್ತ್ರಿಗಳು ಕೇಳುವುದು ಒಂದೇ: "ಆವತ್ತು ದೋಣಿ ಹೆಂಗಿತ್ತು? ಹೇಳು." ನಾನು ಹೇಳಬೇಕು. ದೋಣಿ ಕೆಸರಿನಲ್ಲಿ ಸಿಕ್ಕಿಕೊಂಡದ್ದು, ಗೊರಕೆರಾಯ ತಳ್ಳಲು ಇಳಿದು ಒಂದು ಚಪ್ಪಲಿ ಕಳೆದುಕೊಂಡದ್ದು, ಹುಡುಗಿಯರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದು. ನಾನೂ ನಕ್ಕಿದ್ದೆ, ಅವರು ಆಸ್ಪತ್ರೆಯಲ್ಲಿದ್ದ ಹೊತ್ತಿನಲ್ಲೇ. ಹೋದ ವಾರ ಅವರ ಹೆಂಡತಿ ನೀರು ತರಲು ಹೋದಾಗ ಧೈರ್ಯ ಮಾಡಿ, "ಮೇಸ್ತ್ರಿಗಳೇ, ಆವತ್ತು ಆ ಬೀಗ..." ಎಂದು ಶುರು ಮಾಡಿದೆ. ಅವರು ಕಿಟಕಿಯ ಕಡೆ ತಿರುಗಿ, "ಚಪ್ಪಲಿ ಸಿಕ್ತಾ ಇಲ್ವಾ, ಅದನ್ನ ಹೇಳು" ಎಂದರು.

ಚರ್ಚಿಗೆ ಹೋಗುತ್ತಿದ್ದೀಯಾ ಎಂದು ಕೇಳಿದ್ದೀಯ. ಹೋಗುತ್ತೇನೆ, ಕೊನೆಯ ಬೆಂಚು. ಪರಮಪ್ರಸಾದ ತೆಗೆದುಕೊಂಡು ಐದು ವಾರವಾಯಿತು. ಹೋದ ಭಾನುವಾರ ಪಾಪನಿವೇದನೆಗೆ ನಿಂತೆ. ಅಪ್ಪನಿಗೆ ಹೇಳಿದ ಸುಳ್ಳು, ಚರ್ಚಿನಲ್ಲಿ ತಪ್ಪಿಸಿದ ಬಲಿಪೂಜೆ, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿದೆ. ಕೊನೆಗೆ ಅವಸರದಲ್ಲಿ, "ಕೆಲಸದಲ್ಲೂ ಸ್ವಲ್ಪ ಅಜಾಗರೂಕತೆ ಆಯ್ತು ಫಾದರ್" ಎಂದು ಸೇರಿಸಿಬಿಟ್ಟೆ. ಪಾಪ, ಅವರಿಗೇನು ಗೊತ್ತು! ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ಹೇಳು ಎಂದರು. ಒಂದು ಕೈಗೆ ಮೂರು ನಮೋ ಮರಿಯಾ. ಮೊಣಕಾಲೂರಿ ಹೇಳಲು ಹೋದೆ, ಎರಡನೆಯದರ ನಡುವೆ ನನ್ನ ಮೇಲೆ ನನಗೇ ಅಸಹ್ಯವಾಗಿ ಎದ್ದು ಬಂದೆ.

ನಾಳೆ ಸೋಮವಾರ. ಬೆಳಿಗ್ಗೆ ಎದ್ದವನೇ ಆಫೀಸಿಗೆ ಹೋಗಿ ಎಲ್ಲವನ್ನೂ ಬರೆದು ಕೊಡುತ್ತೇನೆ. ಮನಸ್ಸು ಗಟ್ಟಿ ಮಾಡಿದ್ದೇನೆ. ಅಪ್ಪ ಅಮ್ಮನಿಗೆ ನೀನೇ ಮೆಲ್ಲಗೆ ಹೇಳು, ನಿನ್ನ ಮಾತಾದರೆ ಕೇಳುತ್ತಾರೆ. ನಿನ್ನ ಜಪದಲ್ಲಿ ಮೊದಲು ಮೇಸ್ತ್ರಿಗಳನ್ನು ನೆನೆ, ಆಮೇಲೆ ನನ್ನನ್ನು. ದೇವಮಾತೆ ನಿಮ್ಮ ಮಠದ ಎಲ್ಲರನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೋ.

ಇಂತಿ ನಿನ್ನ ತಮ್ಮ,
ಪುಟ್ಟ

ತಾ.ಕ.
ಮಂಗಳವಾರ, ಜೂನ್ ೩೦

ಅಕ್ಕ, ಈ ಕಾಗದ ನನ್ನ ಚೀಲದಲ್ಲೇ ಉಳಿಯಿತು. ನಾಲ್ಕು ಸೋಮವಾರ ಹೋದವು. ಆಫೀಸಿನ ಬಾಗಿಲವರೆಗೆ ಎರಡು ಸಲ ಹೋಗಿದ್ದೆ. ಮೇಸ್ತ್ರಿಗಳನ್ನು ಕೆಲಸದಿಂದ ತೆಗೆದರು. ನನ್ನ ಸರ್ಟಿಫಿಕೇಟ್ ಬಂತು. ಸುರಕ್ಷತೆಯ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವ ಹುಡುಗ ಎಂದು ಅದರಲ್ಲಿ ಬರೆದಿದೆ. ಕೆಳಗೆ ಕೆಲಸ ಕಲಿಸಿದವರ ಸಹಿ ಬೇಕಿತ್ತು. ಮೇಸ್ತ್ರಿಗಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು, ಶನಿವಾರ ನಾನೇ ಅದನ್ನು ಅವರ ಮನೆಗೆ ತೆಗೆದುಕೊಂಡು ಹೋದೆ. ಅವರು ಪೂರ್ತಿ ಓದಿದರು. ಕಾಗದ ಜಾರದಂತೆ ಅವರ ಹೆಂಡತಿ ಅಂಚನ್ನು ಒತ್ತಿ ಹಿಡಿದರು. ಇದಕ್ಕೆಂದೇ ಹದಿನೈದು ದಿನದಿಂದ ಹಳೇ ಪೇಪರುಗಳ ಮೇಲೆ ಎಡಗೈಯಲ್ಲಿ ಸಹಿ ಕಲಿಯುತ್ತಿದ್ದರಂತೆ. ವಕ್ರವಕ್ರವಾಗಿ ಹಾಕಿ, "ನೋಡ್ರೀ ಇಂಜಿನಿಯರ್ ಸಾಹೇಬ್ರೇ, ನಡೆಯುತ್ತಾ?" ಎಂದು ಕೇಳಿದರು.

ನಡೆಯುತ್ತೆ ಎಂದೆ, ಅಕ್ಕ. ಮಡಚಿಕೊಂಡು ಬಂದೆ.